ಒದ್ದೆಗೋಡೆಯ ಒಳಗುಟ್ಟು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ನೂರು ವರ್ಷ ಉಳಿಸಿಕೊಂಡು ಬರುವ ಕಷ್ಟದ ವಿಷಯವಾಗಿ ಮಾತ್ರ ಆ ಗಾದೆ ಏನನ್ನೂ ಹೇಳುವುದಿಲ್ಲ. ಅದು ತಾತನ ಮನೆಯಲ್ಲಿ ಬಾಳುವ ಮೊಮ್ಮಕ್ಕಳ ಪಾಲಿಗೆ ಬಂದದ್ದು.

ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆ, ಕಾಟನ್‌ಪೇಟೆಗಳ ಓಣಿಗಳಲ್ಲಿಯೂ, ಮೈಸೂರಿನ ಹಳೆಯ ಅಗ್ರಹಾರದ ಬೀದಿಗಳಲ್ಲಿಯೂ ಒಂದರ ಹೆಗಲಿಗೆ ಒಂದು ಹೆಗಲು ತಾಗಿಸಿ ನಿಂತ ಸಾಲುಮನೆಗಳು ಇನ್ನೂ ಉಂಟು. ಅಂಥ ಮನೆಯಲ್ಲಿ ಒಂದು ಮಳೆಗಾಲ ಕಳೆದವರಿಗೆ ಈ ಲೇಖನದ ವಿಷಯವನ್ನು ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಬೀರುವಿನ ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ಮುಗ್ಗಲು ವಾಸನೆ. ರೇಷ್ಮೆ ಸೀರೆಯ ಮಡಿಕೆಯಲ್ಲಿ ಮೂಡಿದ ಬೂಷ್ಟಿನ ಚುಕ್ಕೆ. ದಸರೆಗೆ ಬಣ್ಣ ಬಳಿಸಿದ ಗೋಡೆ ಸಂಕ್ರಾಂತಿಯ ವೇಳೆಗೆ ಹಪ್ಪಳದಂತೆ ಉಬ್ಬಿ ಉದುರುವ ನೋಟ—ಇವೆಲ್ಲ ಆ ಮನೆಗಳ ನಿತ್ಯದ ಅನುಭವ.

ಇದು ಕೇವಲ ಅಂದಚಂದದ ಮಾತಾಗಿದ್ದರೆ ಸಹಿಸಿಕೊಳ್ಳಬಹುದಾಗಿತ್ತು. ಇಂಥ ಮನೆಗಳಲ್ಲಿ ಅತ್ಯಂತ ಕತ್ತಲೆಯ, ಅತ್ಯಂತ ತೇವದ ಕೋಣೆ ನಡುಮನೆಯ ಪಕ್ಕದ್ದು. ಅದರಲ್ಲಿ ಮಲಗುವವರು ಸಾಮಾನ್ಯವಾಗಿ ಮನೆಯ ಅಜ್ಜಿ, ಇಲ್ಲವೆ ಪರೀಕ್ಷೆಗೆ ಓದುವ ಮಗು. ತೇವ ಮತ್ತು ಬೂಷ್ಟು ತುಂಬಿದ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಅಸ್ತಮಾ ಮುಂತಾದ ಶ್ವಾಸರೋಗಗಳ ಸಂಭವ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಇನ್ನೊಂದು ಕಡೆ, “ಈ ಮನೆಗೆ ಔಷಧವಿಲ್ಲ, ಕೆಡವಿಬಿಡೋಣ” ಎಂಬ ಮಾತು ಪ್ರತಿ ಮಳೆಗಾಲದಲ್ಲಿಯೂ ಮನೆಯೊಳಗೆ ಒಮ್ಮೆ ಸುಳಿದುಹೋಗುತ್ತದೆ. ಹೀಗೆ ಒಂದು ಒದ್ದೆಗೋಡೆಗೆ ಎರಡು ವಿಷಯಗಳು ಗಂಟುಬಿದ್ದಿವೆ: ಮನೆಯವರ ಆರೋಗ್ಯ ಮತ್ತು ಮನೆಯ ಆಯುಷ್ಯ.

ಔಷಧವಿಲ್ಲವೆಂಬ ಮಾತು ಹೆಚ್ಚಿನ ಪಾಲು ನಿಜವಲ್ಲ. ರೋಗ ಯಾವುದೆಂದು ತಿಳಿಯದೆ ಲೇಪ ಹಚ್ಚುತ್ತ ಬಂದದ್ದರಿಂದ ಅದು ಉಲ್ಬಣಿಸಿದೆ, ಅಷ್ಟೆ.

ಗೋಡೆಗೂ ಉಸಿರುಂಟು

ಸಿಮೆಂಟು ಮನೆಮಾತಾಗುವುದಕ್ಕೆ ಮುಂಚೆ ಕಟ್ಟಿದ ಮನೆಗಳ ಗೋಡೆಗಳನ್ನು ಇಟ್ಟಿಗೆ, ಮಣ್ಣು, ಸುಣ್ಣದ ಗಾರೆಗಳಿಂದ ಒಂದು ಒಂದೂವರೆ ಅಡಿ ದಪ್ಪನಾಗಿ ಎಬ್ಬಿಸುತ್ತಿದ್ದರು. ಸುಣ್ಣವನ್ನು ದಿನಗಟ್ಟಲೆ ನೀರಿನಲ್ಲಿ ನೆನೆಹಾಕಿ, ಮರಳು ಬೆರೆಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದು ಗಾರೆ ಸಿದ್ಧಪಡಿಸುತ್ತಿದ್ದರು. ಮಾಳಿಗೆಗೆ ಮದ್ರಾಸ್ ತಾರಸಿ: ಮರದ ತೊಲೆಗಳ ಮೇಲೆ ಜಂತೆಗಳನ್ನಿಟ್ಟು, ಅವುಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಮಗ್ಗುಲಾಗಿ ಓರೆಸಾಲಿನಲ್ಲಿ ಜೋಡಿಸಿ, ಇಟ್ಟಿಗೆಯ ಚೂರು ಬೆರೆತ ಗಾರೆಯನ್ನು ಹರಡುವರು. ಹೆಂಗಸರು ಸಾಲಾಗಿ ಕುಳಿತು ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿದು ಅದನ್ನು ಗಟ್ಟಿಮಾಡುವರು. ನೀರು ಇಳಿಯದಿರಲೆಂದು ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಸೇರಿಸುತ್ತಿದ್ದುದೂ ಉಂಟು.

ಇಂಥ ಗೋಡೆ ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಮಳೆಗಾಲದಲ್ಲಿ ಒಂದಿಷ್ಟು ತೇವವನ್ನು ಹೀರಿಕೊಳ್ಳುತ್ತದೆ. ಬಿಸಿಲು ಬಂದೊಡನೆ ಅದನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಸುಣ್ಣದ ಗಾರೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಇರುವುದರಿಂದ ಆವಿ ಸುಲಭವಾಗಿ ಹೊರಟುಹೋಗುತ್ತದೆ. ಮಣ್ಣಿನ ಹೂಜಿ ಬೆವರಿ ತಣ್ಣಗಾಗುವುದಿಲ್ಲವೆ? ಇದೂ ಹಾಗೆಯೆ. ಒದ್ದೆಯಾಗುವುದು, ಒಣಗುವುದು—ಈ ಎರಡರ ನಡುವಿನ ಸಮತೂಕವೇ ಹಳೆಯ ಗೋಡೆಯ ಆರೋಗ್ಯ. ವರ್ಷಕ್ಕೊಮ್ಮೆ ಬಳಿಯುತ್ತಿದ್ದ ಸುಣ್ಣವೂ ಬರಿಯ ಬಿಳುಪಿಗಾಗಿ ಇದ್ದದ್ದಲ್ಲ. ಸುಣ್ಣದ ಖಾರ ಬೂಷ್ಟಿಗೆ ಆಗದು.

ಪಕ್ಕದ ಗೋಡೆಗಳು ನೆರೆಮನೆಯವರೊಡನೆ ಜಂಟಿಯಾಗಿರುವ ಸಾಲುಮನೆಗೆ ಮುಂದೆ ಮತ್ತು ಹಿಂದೆ ಮಾತ್ರ ಕಿಟಕಿ ಇಡಲು ಸಾಧ್ಯ. ನಡುವಣ ಕೋಣೆಗಳಿಗೆ ಗಾಳಿ ಬರಬೇಕಾದದ್ದು ಮೇಲಿನಿಂದ. ಅದಕ್ಕೆಂದೇ ಹಿಂದಿನವರು ಸಣ್ಣ ತೊಟ್ಟಿಯನ್ನೋ, ಮಾಳಿಗೆಯಲ್ಲಿ ಬೆಳಕಿಂಡಿಯನ್ನೋ, ಬಾಗಿಲುಗಳ ಮೇಲೆ ಜಾಲರಿಯನ್ನೋ, ಸೂರಿನ ಕೆಳಗೆ ಗವಾಕ್ಷಿಯನ್ನೋ ಬಿಟ್ಟಿರುತ್ತಿದ್ದರು. ಬಿಸಿಗಾಳಿ ಹಗುರ; ಅದು ಮೇಲಿನ ಕಿಂಡಿಯಿಂದ ಹೊರಟಾಗ ಬೀದಿಬಾಗಿಲು, ಹಿತ್ತಲಬಾಗಿಲುಗಳಿಂದ ತಂಪು ಗಾಳಿ ತಾನಾಗಿ ಒಳಕ್ಕೆ ಬರುತ್ತದೆ. ವಿದ್ಯುಚ್ಛಕ್ತಿ ಇಲ್ಲದೆ ನಡೆಯುತ್ತಿದ್ದ ಬೀಸಣಿಗೆ ಅದು.

ಗಾಳಿ ಬೆಳಕುಗಳ ಚಿಂತೆ ಬೆಂಗಳೂರಿಗೆ ಹೊಸದೇನೂ ಅಲ್ಲ. 1898ರಲ್ಲಿ ಪ್ಲೇಗು ಕಾಲಿಟ್ಟಾಗ ಹೆಚ್ಚಾಗಿ ನರಳಿದ್ದು ಕಿಕ್ಕಿರಿದ ಪೇಟೆಯ ಕೇರಿಗಳು. ಆ ಕಾಲದಲ್ಲಿಯೇ ಮಲ್ಲೇಶ್ವರ, ಬಸವನಗುಡಿಗಳು ಅಗಲವಾದ ಬೀದಿಗಳೊಡನೆ ರೂಪುಗೊಂಡವು. ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂಬುದು ಆಮೇಲೆ ಖಚಿತವಾಯಿತು. ಆದರೂ ಗಾಳಿಯಾಡುವ ಮನೆ ಬೇಕೆಂಬ ಪಾಠವನ್ನು ಊರು ಅಂದೇ ಕಲಿಯಿತು.

ಮೂಗು ಮುಚ್ಚಿದ್ದು ಹೇಗೆ?

ಹಾಗಾದರೆ ತಾತನ ಕಾಲದಲ್ಲಿ ಒಣಗಿದ್ದ ಗೋಡೆ ಮೊಮ್ಮಗನ ಕಾಲಕ್ಕೆ ಒದ್ದೆಯಾದದ್ದೇಕೆ? ಬದಲಾವಣೆಗಳು ಒಂದೊಂದಾಗಿ, ಒಳ್ಳೆಯ ಉದ್ದೇಶದಿಂದಲೇ ಬಂದವು.

ಮೊದಲನೆಯದು, ಸಿಮೆಂಟಿನ ಗಿಲಾವು. ಗಾರೆ ಉದುರಿದ ಕಡೆ ಗಟ್ಟಿಯಾಗಿರಲಿ ಎಂದು ಸಿಮೆಂಟು ಬಳಿಸಿದರು. ಸಿಮೆಂಟು ಗಡುಸು, ಹಳೆಯ ಗೋಡೆ ಮೆತು. ಗೋಡೆ ಸ್ವಲ್ಪ ಅಲುಗಿದರೆ ಗಿಲಾವಿನಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಅದರ ಮೂಲಕ ಒಳಹೊಕ್ಕ ನೀರಿಗೆ ಹೊರಬರುವ ದಾರಿ ಇಲ್ಲ. ಅದರ ಮೇಲೆ ಎಣ್ಣೆಬಣ್ಣ, ನೀರು ನಿರೋಧಕ ಬಣ್ಣ, ಪ್ಲೈವುಡ್ ಹಲಗೆ ಇವು ಸೇರಿದರೆ ಮುಗಿದೇಹೋಯಿತು.

ಎರಡನೆಯದು, ಬೀದಿ ಮೇಲೆದ್ದದ್ದು. ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಸುರಿದು ಸುರಿದು, ಹಿಂದೆ ಎರಡು ಮೆಟ್ಟಿಲು ಹತ್ತಿ ಹೋಗಬೇಕಾಗಿದ್ದ ಜಗಲಿಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕಾಗಿದೆ. ತೇವವನ್ನು ತಡೆಯಲೆಂದು ಕಲ್ಲಿನಿಂದ ಕಟ್ಟಿದ ತಳಪಾಯ ಮಣ್ಣಿನೊಳಗೆ ಹೂತುಹೋಗಿ, ಇಟ್ಟಿಗೆಯ ಗೋಡೆ ನೇರವಾಗಿ ನೆಲದ ನೀರಿಗೆ ಮೈಯೊಡ್ಡಿದೆ.

ಮೂರನೆಯದು, ಹಿತ್ತಲಿನ ಬಚ್ಚಲು ಮನೆಯ ನಡುವಿಗೆ ಬಂದದ್ದು. ಅನುಕೂಲವೇನೋ ಆಯಿತು. ಆದರೆ ಮಣ್ಣಿನ ಗೋಡೆಯನ್ನು ಕೊರೆದು ಹುದುಗಿಸಿದ ಕೊಳವೆಗಳು ಎಲ್ಲಿಯಾದರೂ ಜಿನುಗಿದರೆ ಕಾಣುವವರು ಯಾರು?

ನಾಲ್ಕನೆಯದು, ಕಿಂಡಿಗಳನ್ನು ಮುಚ್ಚಿದ್ದು. ಸೊಳ್ಳೆ, ಧೂಳು, ಕಳ್ಳರ ಭಯದಿಂದ ಗವಾಕ್ಷಿಗೆ ಗಾಜು ಬಂತು. ಮಳೆ ಎರಚಲು ಬೀಳುತ್ತದೆಂದು ತೊಟ್ಟಿಯ ಮೇಲೆ ಪ್ಲಾಸ್ಟಿಕ್ ತಗಡು ಬಂತು. ಬೆಳಕು ಉಳಿಯಿತು; ಗಾಳಿ ಸತ್ತಿತು.

ನೀರಿಗೆ ನಾಲ್ಕು ದಾರಿ

ವೈದ್ಯನು ನಾಡಿ ನೋಡುವಂತೆ ಗೋಡೆಯನ್ನು ನೋಡಬೇಕು. ನೀರು ಮನೆಯೊಳಗೆ ಬರುವ ದಾರಿಗಳು ನಾಲ್ಕೇ. ಪ್ರತಿಯೊಂದೂ ತನ್ನ ಗುರುತನ್ನು ಬಿಟ್ಟಿರುತ್ತದೆ.

ನೆಲದಿಂದ ಏರಿದ ತೇವ ಗೋಡೆಯ ಬುಡದಿಂದ ಎರಡು ಮೂರು ಅಡಿಯವರೆಗೆ ಹಬ್ಬಿ, ಮೇಲ್ಗಡೆ ಅಲೆಯಂಥ ಗೆರೆಯೊಂದನ್ನು ಎಳೆದು ನಿಲ್ಲುತ್ತದೆ. ಆ ಗೆರೆಯ ಬಳಿ ಬಿಳಿಯ ಹುಡಿ ಕಾಣುತ್ತದೆ. ಅದು ನೆಲದಿಂದ ನೀರಿನೊಡನೆ ಬಂದ ಉಪ್ಪು.

ಮಳೆಯ ನೀರು ಮೇಲಿನಿಂದ ಇಳಿಯುತ್ತದೆ. ಮಾಳಿಗೆ, ಕೈಪಿಡಿ ಗೋಡೆಯ ಬುಡ, ಕಿಟಕಿಯ ಮೂಲೆಗಳಲ್ಲಿ ಕಂದು ಬಣ್ಣದ ಕಲೆ ಮೂಡಿ, ಜೋರು ಮಳೆಯ ಮರುದಿನ ಹಿರಿದಾಗುತ್ತದೆ, ಬೇಸಗೆಯಲ್ಲಿ ಒಣಗುತ್ತದೆ.

ಕೊಳವೆಯ ಸೋರಿಕೆಗೆ ಋತುಗಳ ಹಂಗಿಲ್ಲ. ಏಪ್ರಿಲಿನ ಬಿಸಿಲಿನಲ್ಲಿಯೂ ಗೋಡೆಯ ನಡುವೆ ಒಂದು ಕಡೆ ಒದ್ದೆ ಆರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೊಳವೆಯನ್ನು.

ನಾಲ್ಕನೆಯ ದಾರಿ ಬಹುಮಂದಿಗೆ ಗೊತ್ತಿಲ್ಲ. ಆ ನೀರು ಹೊರಗಿನಿಂದ ಬಂದದ್ದೇ ಅಲ್ಲ. ಮನೆಯವರೇ ಉತ್ಪತ್ತಿ ಮಾಡಿದ್ದು. ಮಲಗಿದ ಮನುಷ್ಯನ ಉಸಿರು ಮತ್ತು ಬೆವರಿನಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗೂ ಮಿಕ್ಕಿ ನೀರಾವಿ ಹುಟ್ಟುತ್ತದೆ. 14.2 ಕಿಲೋ ಅನಿಲವುಳ್ಳ ಒಂದು ಸಿಲಿಂಡರು ಮುಗಿಯುವ ಹೊತ್ತಿಗೆ, ಅನ್ನ ಸಾರುಗಳಿಂದೆದ್ದ ಹಬೆಯನ್ನು ಬಿಟ್ಟು, ಬರಿಯ ಉರಿಯಿಂದಲೇ ಸುಮಾರು 22 ಲೀಟರು ನೀರು ಅಡುಗೆಮನೆಯ ಗಾಳಿಗೆ ಸೇರಿರುತ್ತದೆ! ಒಳಗೆ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆಯ ನೀರೂ ಇದಕ್ಕೆ ಕೂಡುತ್ತದೆ.

ಈ ಆವಿ ಎಲ್ಲಿಗೆ ಹೋಗಬೇಕು? ಒಂದು ಘನ ಮೀಟರು ಗಾಳಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 23 ಗ್ರಾಂ ಆವಿಯನ್ನು ಹೊರಬಲ್ಲುದು. 15 ಡಿಗ್ರಿಗೆ ತಣಿದಾಗ ಸುಮಾರು 13 ಗ್ರಾಂ ಮಾತ್ರ. ಮಿಕ್ಕದ್ದು ತಣ್ಣನೆಯ ಗೋಡೆಯ ಮೇಲೆ ಬೆವರಾಗಿ ಕೂಡುತ್ತದೆ, ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರಿದಂತೆ. ಬೀರುವಿನ ಹಿಂದೆ, ಮೂಲೆಗಳಲ್ಲಿ, ಅಟ್ಟದ ಕೆಳಗೆ ಕಪ್ಪು ಚುಕ್ಕೆಗಳಾಗಿ ಹರಡುವ ಬೂಷ್ಟಿಗೆ ಸಾಮಾನ್ಯವಾಗಿ ಇದೇ ಕಾರಣ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಮೇಸ್ತ್ರಿಯನ್ನು ಕರೆಯಿಸುವ ಮುಂಚೆ ಎರಡು ಪರೀಕ್ಷೆಗಳನ್ನು ಮನೆಯವರೇ ಮಾಡಿ ನೋಡಬಹುದು.

ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಒದ್ದೆಯಾದ ಜಾಗದಲ್ಲಿ, ಮೇಲ್ಮೈಯನ್ನು ಒರಸಿ, ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ, ಎಂದರೆ ಕೋಣೆಯ ಕಡೆಗೆ, ಹನಿ ಕಂಡರೆ ಅದು ಮನೆಯ ಗಾಳಿಯ ಬೆವರು. ಒಳಮೈಯಲ್ಲಿ, ಗೋಡೆಯ ಕಡೆಗೆ, ಹನಿ ಕೂಡಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಎರಡೂ ಕಡೆ ಕಂಡರೆ ಎರಡು ರೋಗಗಳೂ ಉಂಟು.

ಕೊಳವೆಯ ಪರೀಕ್ಷೆ ಇನ್ನೂ ಸುಲಭ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಾಳಿಗೆಯ ತೊಟ್ಟಿಗೆ ನೀರು ಬರುವ ದಾರಿಯನ್ನು ನಿಲ್ಲಿಸಿ, ಒಂದು ಕೋಲನ್ನು ಇಳಿಬಿಟ್ಟು ನೀರಿನ ಮಟ್ಟವನ್ನು ಗುರುತು ಹಾಕಿ. ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮುನ್ನ ಮತ್ತೆ ನೋಡಿ. ಮಟ್ಟ ಇಳಿದಿದ್ದರೆ ಎಲ್ಲಿಯೋ ಸೋರಿಕೆ ಇದೆ.

ಮೊದಲು ನೀರು, ಆಮೇಲೆ ಗೋಡೆ

ಚಿಕಿತ್ಸೆಯ ಮೊದಲ ಸೂತ್ರ ಇದು: ನೀರಿನ ಮೂಲ ನಿಲ್ಲುವವರೆಗೆ ಗೋಡೆಗೆ ಕೈ ಹಚ್ಚಬಾರದು.

ಮಾಳಿಗೆಯಿಂದ ಪ್ರಾರಂಭಿಸಿ. ಮಳೆನೀರು ಹೊರಹೋಗುವ ತೂಬಿನ ಬಾಯಲ್ಲಿ ಎಲೆ, ಚೆಂಡು, ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿರುವುದು ಸಾಮಾನ್ಯ. ಅದನ್ನು ಬಿಡಿಸಿದ ಮಾತ್ರಕ್ಕೆ ಸೋರಿಕೆ ನಿಂತ ಮನೆಗಳುಂಟು. ಕೈಪಿಡಿ ಗೋಡೆಯಲ್ಲಿ ಅರಳಿಯ ಅಥವಾ ಆಲದ ಸಸಿ ಕಂಡರೆ ಎಳೆಯದಾಗಿರುವಾಗಲೇ ಬೇರು ಸಹಿತ ತೆಗೆಯಬೇಕು. ಮದ್ರಾಸ್ ತಾರಸಿಯ ಮೇಲೆ ಪದರದ ಮೇಲೆ ಪದರ ಸಿಮೆಂಟು ಹಾಕಿಸುವುದು ಅಪಾಯ: ಸೋರಿಕೆ ಮರೆಯಾಗುತ್ತದೆ, ಕೆಳಗಿನ ಮರದ ತೊಲೆಗಳಿಗೆ ಹೊರೆ ಹೆಚ್ಚುತ್ತದೆ. ಬಿರುಕುಗಳನ್ನು ಸುಣ್ಣದ ಗಾರೆಯಿಂದಲೇ ತುಂಬಿಸಿ, ನೀರು ತೂಬಿನ ಕಡೆಗೆ ಹರಿಯುವಂತೆ ಇಳಿಜಾರನ್ನು ಸರಿಪಡಿಸುವುದು ಲೇಸು.

ಆಮೇಲೆ ನೆಲದ ಕಡೆಗೆ ಬನ್ನಿ. ಗೋಡೆಯ ಬುಡಕ್ಕೆ ಆತುಕೊಂಡ ಮಣ್ಣು, ಇಟ್ಟಿಗೆ ರಾಶಿ, ಹೂವಿನ ಕುಂಡ ಇವನ್ನು ದೂರ ಸರಿಸಿ. ಹಿತ್ತಲಿನ ಮೋರಿ ಒಡೆದಿದ್ದರೆ ಕಟ್ಟಿಸಿ. ನೀರು ಗೋಡೆಯಿಂದ ಆಚೆಗೆ ಹರಿಯಲಿ.

ನೀರು ನಿಂತಿತೆಂದು ಖಚಿತವಾದ ಮೇಲೆ ಒದ್ದೆಯ ಗೆರೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟು ಗಿಲಾವನ್ನು ಮೆಲ್ಲಗೆ ಕಿತ್ತು ತೆಗೆಸಬೇಕು. ಹೊರಬಂದ ಉಪ್ಪನ್ನು ನೀರಿನಿಂದ ತೊಳೆಯಬಾರದು. ತೊಳೆದರೆ ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ, ಹುಡಿಯನ್ನು ಎತ್ತಿ ಆಚೆಗೆ ಹಾಕಬೇಕು. ಆಮೇಲೆ ಬೇಕಾದದ್ದು ತಾಳ್ಮೆ. ಗೋಡೆಯ ದಪ್ಪದಲ್ಲಿ ಒಂದು ಅಂಗುಲ ಒಣಗಲು ಒಂದು ತಿಂಗಳೆಂಬುದು ಕಟ್ಟಡದವರ ಸ್ಥೂಲವಾದ ಲೆಕ್ಕ. ಹೀಗಾಗಿ ಈ ಕೆಲಸವನ್ನು ದೀಪಾವಳಿಯ ಮಳೆ ಹಿಂತೆಗೆದ ಮೇಲೆ ಕೈಗೊಂಡು, ಬೇಸಗೆಯ ಬಿಸಿಲಿಗೆ ಗೋಡೆಯನ್ನು ಬಿಟ್ಟಿರುವುದು ಜಾಣತನ. ಬರಿಯ ಇಟ್ಟಿಗೆ ಕಾಣುವ ಗೋಡೆಯನ್ನು ನೋಡಿ ನೆಂಟರಿಷ್ಟರು ಏನೆಂದುಕೊಂಡಾರೋ ಎಂಬ ಸಂಕೋಚ ಬೇಡ. ಒಣಗಿದ ಮೇಲೆ ಸುಣ್ಣದ ಗಾರೆ, ಅದರ ಮೇಲೆ ಸುಣ್ಣ—ಇಷ್ಟೆ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳು ಇಂದು ವಿರಳ. ಹುಡುಕಿದ ಶ್ರಮ ವ್ಯರ್ಥವಾಗುವುದಿಲ್ಲ.

ಗಾಳಿಗೆ ದಾರಿ ಬಿಡಿ

ತೊಟ್ಟಿಯ ಮೇಲಿನ ತಗಡನ್ನು ಕಿತ್ತುಹಾಕಬೇಕಾಗಿಲ್ಲ. ಅದನ್ನು ಒಂದಡಿ ಮೇಲೆತ್ತಿ, ಮಳೆ ಎರಚದಂತೆ ಅಂಚನ್ನು ಹೊರಕ್ಕೆ ಚಾಚಿ, ನಡುವಣ ಸಂದಿಗೆ ಸೊಳ್ಳೆಪರದೆಯ ಬಲೆ ಹೊಡೆಸಿದರೆ ಬೆಳಕು, ಗಾಳಿ ಎರಡೂ ದೊರೆಯುತ್ತವೆ. ಗವಾಕ್ಷಿಯ ಗಾಜಿಗೂ ಇದೇ ಉಪಾಯ. ಒಳಬಾಗಿಲುಗಳ ಮೇಲಿನ ಜಾಲರಿಗೆ ಅಂಟಿಸಿದ ರಟ್ಟು, ಕಾಗದಗಳನ್ನು ತೆಗೆಯಿರಿ.

ಅಡುಗೆಮನೆಯಲ್ಲಿಯೂ ಬಚ್ಚಲಿನಲ್ಲಿಯೂ ಗಾಳಿಯನ್ನು ಹೊರತಳ್ಳುವ ಸಣ್ಣ ಫ್ಯಾನು ಇರಲಿ. ಸ್ನಾನ ಮುಗಿದ ಮೇಲೂ ಕಾಲು ಗಂಟೆ ಅದು ತಿರುಗುತ್ತಿರಲಿ. ಆಗ ಬಚ್ಚಲಿನ ಬಾಗಿಲು ಮುಚ್ಚಿರಲಿ. ಇಲ್ಲವಾದರೆ ಹಬೆ ನಡುಮನೆಗೆ ನುಗ್ಗುತ್ತದೆ. ಬೀರು, ಮಂಚಗಳನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದಿಡಿ. ಮಳೆ ಬಿಟ್ಟು ಬಿಸಿಲು ಕಂಡ ಮಧ್ಯಾಹ್ನ ಹಿಂದು ಮುಂದಿನ ಬಾಗಿಲು ಕಿಟಕಿಗಳನ್ನು ಒಟ್ಟಿಗೆ ತೆರೆದು ಅರ್ಧ ಗಂಟೆ ಬಿಟ್ಟರೆ ಮನೆಯ ತೇವದ ಗಾಳಿ ಬಹುಮಟ್ಟಿಗೆ ಬದಲಾಗುತ್ತದೆ. ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬೇಡಿ. ಅದರ ಕಣಗಳು ಗಾಳಿಯಲ್ಲಿ ಹಾರುತ್ತವೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರಸಿ, ಆ ಜಾಗವನ್ನು ಒಣಗಿಸಿರಿ. ಉಬ್ಬಸವಿರುವವರು ಆ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು.

ಮೂರು ಎಚ್ಚರಿಕೆಗಳು

ತೇವ ಆರಲೆಂದು ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿ ಕೆಲವೆಡೆ ಇದೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮಲಗಿದವರನ್ನು ಮಲಗಿದಂತೆಯೇ ಕೊಲ್ಲಬಲ್ಲುದು. ಅನಿಲದಿಂದ ನೀರು ಕಾಯಿಸುವ ಗೀಸರನ್ನು ಬಚ್ಚಲಿನೊಳಗೆ ಇಟ್ಟು, ಚಳಿಯೆಂದು ಗಾಳಿಕಿಂಡಿಯನ್ನು ಮುಚ್ಚುವುದೂ ಇಷ್ಟೇ ಭಯಂಕರ. ಅಂಥ ಗೀಸರು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಬೇಕು.

ಒದ್ದೆಗೋಡೆಯ ಮೇಲಿನ ಸ್ವಿಚ್ಚಿನ ಹಲಗೆಯನ್ನು ಮುಟ್ಟಿದಾಗ ಜುಂ ಎಂದರೆ ಮರುದಿನಕ್ಕೆ ಮುಂದೂಡಬೇಡಿ. ಮುಖ್ಯ ಸ್ವಿಚ್ಚನ್ನು ಆರಿಸಿ, ತಿಳಿದವರನ್ನು ಕರೆಯಿಸಿ.

ಮಾಳಿಗೆಯ ತೊಲೆಗಳ ತುದಿ ಗೋಡೆಯೊಳಗೆ ಹುದುಗಿರುತ್ತದೆ. ಆ ಗೋಡೆ ಒದ್ದೆಯಾದರೆ ಮರ ಒಳಗೇ ಕೊಳೆಯುತ್ತದೆ. ಗೆದ್ದಲಿಗೂ ತೇವದ ಮರವೆಂದರೆ ಇಷ್ಟ. ತೊಲೆಯ ತುದಿಯನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಸೂಜಿ ಸುಲಭವಾಗಿ ಇಳಿದರೆ, ಅಥವಾ ಮಾಳಿಗೆ ಬಾಗಿದಂತೆ ಕಂಡರೆ ಆ ಕೋಣೆಯಲ್ಲಿ ಯಾರನ್ನೂ ಮಲಗಿಸಬಾರದು. ಅದು ಎಂಜಿನಿಯರು ಬಂದು ನೋಡಬೇಕಾದ ವಿಷಯ.

ನೆರೆಮನೆಯವರೊಡನೆ ಒಂದು ಮಾತು

ಸಾಲುಮನೆಯ ಗೋಡೆಗೆ ಒಡೆಯರು ಇಬ್ಬರು. ನಿಮ್ಮ ನಡುಮನೆಯಲ್ಲಿ ಕಾಣುವ ಒದ್ದೆಯ ಮೂಲ ನೆರೆಮನೆಯ ಬಚ್ಚಲಾಗಿರಬಹುದು. ಅವರ ದೇವರ ಮನೆಯಲ್ಲಿ ಉದುರುವ ಗಾರೆಗೆ ನಿಮ್ಮ ಮಾಳಿಗೆಯ ತೂಬು ಕಾರಣವಾಗಿರಬಹುದು. ಇದರಿಂದಲೇ ಎಷ್ಟೋ ಕೇರಿಗಳಲ್ಲಿ ತಾತಂದಿರ ಕಾಲದ ಸ್ನೇಹ ಮುರಿದು, ಮಾತು ನಿಂತು, ವ್ಯಾಜ್ಯವಾಗಿ ಕೋರ್ಟಿನ ಮೆಟ್ಟಿಲು ಹತ್ತಿದೆ.

“ನಿಮ್ಮ ಬಚ್ಚಲಿನಿಂದ ನಮ್ಮ ಗೋಡೆ ಹಾಳಾಯಿತು” ಎಂದು ಮಾತು ಪ್ರಾರಂಭಿಸಿದರೆ ಉತ್ತರ ಏನು ಬಂದೀತೆಂಬುದನ್ನು ಹೇಳಬೇಕಾಗಿಲ್ಲ. “ರಾಯರೆ, ಈ ಗೋಡೆ ನಮ್ಮಿಬ್ಬರಿಗೂ ಸೇರಿದ್ದು. ಎರಡು ಕಡೆಯೂ ಒಟ್ಟಿಗೆ ನೋಡೋಣ, ಬನ್ನಿ” ಎಂದರೆ ಕಾಫಿಯೊಡನೆ ಬಾಗಿಲು ತೆರೆಯುತ್ತದೆ. ಮೊದಲು ಅವರನ್ನು ನಿಮ್ಮ ಮನೆಗೆ ಕರೆದು ತೋರಿಸಿ. ಆಮೇಲೆ ಅವರ ಕಡೆಯನ್ನು ನೋಡಿ. ಒಂದು ಕಡೆ ಮಾತ್ರ ಒಣಗಿಸಿದ ಜಂಟಿಗೋಡೆ ಮುಂದಿನ ಮಳೆಗಾಲದಲ್ಲಿ ಮತ್ತೆ ಒದ್ದೆಯಾಗುತ್ತದೆ. ಒಬ್ಬನೇ ಮೇಸ್ತ್ರಿ, ಒಂದೇ ವೇಳೆ, ಹಂಚಿಕೊಂಡ ಖರ್ಚು—ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ.

ಹೀಗೆ ಮಾಡಿದರೆ ಎಲ್ಲ ಹಳೆಯ ಮನೆಗಳೂ ಉಳಿದಾವೆಂದು ಹೇಳುವಂತಿಲ್ಲ. ತೊಲೆ ಕೊಳೆತು, ಗೋಡೆ ಬಿರಿದು, ಕೆಡವಲೇಬೇಕಾದ ಮನೆಗಳೂ ಇವೆ. ಆದರೆ ಆ ತೀರ್ಮಾನವನ್ನು ಕೈಗೊಳ್ಳುವ ಮುನ್ನ ಒಂದು ಬೇಸಗೆಯ ಕಾಲ ಗೋಡೆಯ ಮೈಮೇಲಿನ ಹೊದಿಕೆಯನ್ನು ತೆಗೆದು, ಮುಚ್ಚಿದ ಕಿಂಡಿಗಳನ್ನು ತೆರೆದು ನೋಡಿ. ಗೋಡೆ ಒಣಗಿದರೆ ಬಣ್ಣದ ಖರ್ಚು ಉಳಿಯುವುದು ಸಣ್ಣ ಲಾಭ. ನಡುಮನೆಯ ಕೋಣೆಯಲ್ಲಿ ಅಜ್ಜಿ ರಾತ್ರಿಯೆಲ್ಲ ಕೆಮ್ಮದೆ ನಿದ್ರಿಸುವಂತಾದರೆ ಅದೇ ದೊಡ್ಡ ಲಾಭ.